ಕಿಲಿಮಂಜಾರೋಗೆ ಯಾವ ದಾರಿ? ಮೊದಲು ದಿನ ಎಣಿಸಿ, ಆಮೇಲೆ ದಾರಿ ಆರಿಸಿ

"ಮಚಾಮೆ ಒಳ್ಳೆಯದಾ, ಲೆಮೋಶೋ ಒಳ್ಳೆಯದಾ?" ಟಾಂಜಾನಿಯಾದ ಕಿಲಿಮಂಜಾರೋ ಬೆಟ್ಟಕ್ಕೆ ಹೊರಟವರೆಲ್ಲ ಮೊದಲು ಕೇಳುವುದು ಈ ಎರಡು ದಾರಿಗಳ ಬಗ್ಗೆಯೇ. ನಾನೂ ಅಕ್ಕನೂ ಹೊರಟಾಗ ಕೇಳಿದ್ದೂ ಇದನ್ನೇ. ವಾರಗಟ್ಟಲೆ ಮ್ಯಾಪ್ ನೋಡಿದೆವು, ಫೋಟೋ ನೋಡಿದೆವು. ಕೊನೆಗೆ ರಜೆಗೂ ದುಡ್ಡಿಗೂ ಹೊಂದುತ್ತದೆ ಅಂತ ಮರಾಂಗು ಎಂಬ ಇನ್ನೊಂದು ದಾರಿಯನ್ನು ಐದು ದಿನಕ್ಕೆ ಬುಕ್ ಮಾಡಿದೆವು. ತಪ್ಪಿದ್ದು ಅಲ್ಲೇ.

ಮೂರನೇ ದಿನ ಸಂಜೆ ಕಿಬೋ ಹಟ್ ಎಂಬ ಕೊನೆಯ ತಂಗುಮನೆ ತಲುಪಿ, ಅದೇ ಮಧ್ಯರಾತ್ರಿ ಶಿಖರಕ್ಕೆ ಹೊರಟೆವು. ಸುಮಾರು 5,150 ಮೀಟರ್ ಎತ್ತರದಲ್ಲಿ ಹಾನ್ಸ್ ಮೇಯರ್ ಗುಹೆ ಸಿಗುತ್ತದೆ. ಅಲ್ಲಿ ಕೂತಾಗ ಅಕ್ಕ ನನ್ನನ್ನು ಕೇಳಿದಳು, "ನನ್ನ ಗ್ಲೌಸ್ ಎಲ್ಲಿಟ್ಟೆ?" ಗ್ಲೌಸ್ ಅವಳ ಕೈಯಲ್ಲೇ ಇತ್ತು. ಗೈಡ್ ಅವಳ ಮುಖಕ್ಕೆ ಟಾರ್ಚ್ ಬಿಡದೆ, ಕಾಲಿನ ಹತ್ತಿರ ಬೆಳಕು ಹಿಡಿದು, "ದಾದಾ, ಒಂದು ಪಾದದ ಮುಂದೆ ಇನ್ನೊಂದು ಇಟ್ಟು ನಡೆಯಿರಿ" ಅಂದರು. ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ. ಮೂರನೇ ಹೆಜ್ಜೆಗೆ ಅವಳು ಪಕ್ಕಕ್ಕೆ ವಾಲಿದಳು. ಅವರು ಚರ್ಚೆಗೇ ಜಾಗ ಕೊಡಲಿಲ್ಲ. ಕೈ ಹಿಡಿದು ತಿರುಗಿಸಿದರು. ಎತ್ತರದ ಕಾಯಿಲೆ ಮೆದುಳಿಗೆ ತಟ್ಟಲು ಶುರುವಾದಾಗ ಮೊದಲು ತಪ್ಪುವುದು ನಡಿಗೆಯ ಹದ. ಅದಕ್ಕೆ ಇರುವ ಮದ್ದು ಇಳಿಯುವುದು, ತಕ್ಷಣ ಇಳಿಯುವುದು. ನಾನೂ ಜೊತೆಗೆ ಇಳಿದೆ. ಮಧ್ಯಾಹ್ನ ಹೊರೊಂಬೋ ಹಟ್‌ನಲ್ಲಿ ಅಕ್ಕ ಬಿಸಿ ಟೀ ಕುಡಿದು, "ಉಪ್ಪಿಟ್ಟು ಸಿಕ್ಕಿದ್ರೆ ಚೆನ್ನಾಗಿರೋದು" ಅಂದಾಗ ನನಗೆ ಜೀವ ಬಂತು.

ಎರಡು ವರ್ಷದ ನಂತರ ನಾನು ಎಂಟು ದಿನದ ಲೆಮೋಶೋ ದಾರಿಯಲ್ಲಿ ಮತ್ತೆ ಹೋದೆ, ಬೆಟ್ಟದ ತುತ್ತತುದಿಯಾದ ಉಹುರು ಶಿಖರ ಮುಟ್ಟಿದೆ. ನನ್ನ ಕಾಲಿನ ಬಲ ಮೊದಲ ಸಲಕ್ಕಿಂತ ಜಾಸ್ತಿ ಏನೂ ಇರಲಿಲ್ಲ. ಬದಲಾಗಿದ್ದು ದಿನದ ಲೆಕ್ಕ. ಅದಕ್ಕೇ ಈ ಹೋಲಿಕೆಯನ್ನು ದಾರಿಯ ಚೆಲುವಿನಿಂದ ಶುರು ಮಾಡದೆ ದಿನಗಳಿಂದ ಶುರು ಮಾಡುತ್ತಿದ್ದೇನೆ.

ದಿನ ಯಾಕೆ ಮುಖ್ಯ

ಕಿಲಿಮಂಜಾರೋ 5,895 ಮೀಟರ್. ಹಗ್ಗ ಬೇಡ, ಬಂಡೆ ಹತ್ತುವ ವಿದ್ಯೆ ಬೇಡ, ನಡೆದೇ ತುದಿ ಮುಟ್ಟಬಹುದು. ಹಾಗಾಗಿಯೇ ಜನ ಇದನ್ನು ಹಗುರವಾಗಿ ತೆಗೆದುಕೊಳ್ಳುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಮರಾಂಗು ಗೇಟು ಇರುವುದೇ ಹೆಚ್ಚುಕಮ್ಮಿ ಆ ಎತ್ತರದಲ್ಲಿ. ಕರ್ನಾಟಕದ ಬೆಟ್ಟಗಳೆಲ್ಲ ಮುಗಿಯುವ ಎತ್ತರದಲ್ಲಿ ಈ ಬೆಟ್ಟ ಶುರುವಾಗುತ್ತದೆ. ಅಲ್ಲಿಂದ ಮೇಲೆ ಇನ್ನೂ ನಾಲ್ಕು ಸಾವಿರ ಮೀಟರ್. ಶಿಖರದಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ಮಟ್ಟದಲ್ಲಿ ಸಿಗುವುದರ ಅರ್ಧದಷ್ಟು.

ದೇಹ ಇದಕ್ಕೆ ಒಗ್ಗಿಕೊಳ್ಳುತ್ತದೆ, ಆದರೆ ಅದಕ್ಕೆ ಸಮಯ ಬೇಕು. 3,000 ಮೀಟರ್ ದಾಟಿದ ಮೇಲೆ, ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಜಾಸ್ತಿ ಏರಿಸಬೇಡಿ ಎನ್ನುವುದು ವೈದ್ಯರು ಹೇಳುವ ಲೆಕ್ಕ. ಐದು ದಿನದ ಮರಾಂಗುವಿನಲ್ಲಿ ಮೊದಲ ರಾತ್ರಿ ಮಂದಾರ ಹಟ್, ಸುಮಾರು 2,700 ಮೀಟರ್. ಎರಡನೆಯದು ಹೊರೊಂಬೋ, 3,700. ಮೂರನೆಯದು ಕಿಬೋ, 4,700. ಒಂದೊಂದು ರಾತ್ರಿಗೂ ಸಾವಿರ ಮೀಟರ್, ಹೇಳಿದ್ದಕ್ಕಿಂತ ಎರಡು ಪಟ್ಟು. ಬುಕ್ ಮಾಡುವಾಗ ಈ ಕೂಡುವ ಕಳೆಯುವ ಲೆಕ್ಕವನ್ನು ನಾವು ಮಾಡಿಯೇ ಇರಲಿಲ್ಲ.

ಕುಮಾರ ಪರ್ವತವನ್ನು ಒಂದೇ ದಿನದಲ್ಲಿ ಹತ್ತಿ ಇಳಿಯುವವರೂ ಇಲ್ಲಿ ತಲೆನೋವು ಬಂದು ಕೂತುಬಿಡಬಹುದು. ಅವರಿಗಿಂತ ನಿಧಾನ ನಡೆಯುವ ಅರವತ್ತರ ಅಜ್ಜಿ ಆರಾಮಾಗಿ ಮೇಲೆ ಹೋಗಬಹುದು. ತಯಾರಿಗೆ ಕುಮಾರ ಪರ್ವತ, ಸಾವನದುರ್ಗ ಎರಡೂ ಚೆನ್ನ. ಕಾಲಿಗೆ ಬಲ ಬರುತ್ತದೆ, ಇಳಿಯುವಾಗ ಮಂಡಿ ಉಳಿಯುತ್ತದೆ. ಆದರೆ ಎತ್ತರಕ್ಕೆ ಒಗ್ಗುವುದು ಎತ್ತರದಲ್ಲಿ ಮಾತ್ರ. ಅಲ್ಲಿನ ಗೈಡ್‌ಗಳು ದಿನಕ್ಕೆ ನೂರು ಸಲ "ಪೋಲೆ ಪೋಲೆ" ಅನ್ನುತ್ತಾರೆ, ನಿಧಾನ ನಿಧಾನ ಅಂತ. ನಾವು ನಿಧಾನವೇ ಪ್ರಧಾನ ಅನ್ನುತ್ತೇವಲ್ಲ, ಅದೇ ಮಾತು.

ಡಯಾಮಾಕ್ಸ್ ಮಾತ್ರೆಯ ಬಗ್ಗೆಯೂ ತುಂಬ ಜನ ಕೇಳುತ್ತಾರೆ. ಅದು ಒಗ್ಗಿಕೊಳ್ಳಲು ಸಹಾಯ ಮಾಡುತ್ತದೆ ನಿಜ, ಆದರೆ ಎರಡು ದಿನ ಉಳಿಸಲು ಅಂತ ಅದನ್ನು ನುಂಗಬೇಡಿ. ಸಲ್ಫಾ ಔಷಧ ಆಗದವರು ಇದ್ದಾರೆ, ಬೇರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರು ಇದ್ದಾರೆ. ನಿಮ್ಮ ಡಾಕ್ಟರ್ ಹತ್ತಿರ ಕೂತು ಮಾತಾಡಿ.

ಮರಾಂಗು: ಹಟ್ ಬೇಕು ಅನ್ನುವವರಿಗೆ

ಇದು ಹಳೆಯ ದಾರಿ. 1889ರಲ್ಲಿ ಹಾನ್ಸ್ ಮೇಯರ್ ಮತ್ತು ಲುಡ್ವಿಗ್ ಪುರ್ಟ್‌ಶೆಲ್ಲರ್ ಶಿಖರ ಮುಟ್ಟಿದ್ದು ಮರಾಂಗು ಕಡೆಯಿಂದಲೇ. ಅವರಿಗೆ ದಾರಿ ತೋರಿಸಿದವರು ಅದೇ ಊರಿನ ಚಾಗ್ಗ ಜನಾಂಗದ ಯುವಕ ಯೊಹಾನಿ ಕಿನ್ಯಾಲಾ ಲಾವ್ವೋ ಎಂದು ಅಲ್ಲಿನ ಜನ ಹೆಮ್ಮೆಯಿಂದ ಹೇಳುತ್ತಾರೆ. ಮಲಗಲು ಮರದ ಹಟ್, ಮಂಚ, ಹಾಸಿಗೆ ಇರುವುದು ಈ ಒಂದು ದಾರಿಯಲ್ಲಿ ಮಾತ್ರ. ಉಳಿದ ಕಡೆ ಟೆಂಟ್. ಇಳಿಜಾರು ಹದವಾಗಿದೆ, ದಾರಿ ಅಗಲ. ಟೀ, ಕೋಲಾ ಮಾರುತ್ತಿದ್ದ ದಾರಿ ಅಂತ ಕೋಕಾ ಕೋಲಾ ರೂಟ್ ಅನ್ನುವ ಅಡ್ಡಹೆಸರೂ ಇದೆ.

ಸುಲಭ ಅನ್ನುವ ಹೆಸರು ಬಂದಿದ್ದು ಇದಕ್ಕೇ. ಆ ಹೆಸರೇ ಮೋಸ ಮಾಡುತ್ತದೆ. ಕಿಬೋ ಹಟ್‌ನಿಂದ ಮೇಲೆ ಕಾಲಿಟ್ಟಲ್ಲಿ ಜಾರುವ ಜಲ್ಲಿ, ಬೂದಿಯಂಥ ಮಣ್ಣು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಕೆಳಗೆ ಬರುತ್ತೀರಿ. ತುದಿಯಲ್ಲಿರುವ ಜ್ವಾಲಾಮುಖಿಯ ಕುಳಿಯ ಅಂಚಿಗೆ ಬಂದು ಸೇರುವ ಗಿಲ್ಮನ್ಸ್ ಪಾಯಿಂಟ್ ಸುಮಾರು 5,680 ಮೀಟರ್. ಅಲ್ಲಿಂದ ಉಹುರುಗೆ ಅಂಚಿನ ಮೇಲೆ ಇನ್ನೂ ಒಂದೂವರೆ ಎರಡು ಗಂಟೆ. ತುಂಬ ಜನ ಗಿಲ್ಮನ್ಸ್‌ನಲ್ಲೇ ಸಾಕು ಅನ್ನುತ್ತಾರೆ. ಹತ್ತಿದ ದಾರಿಯಲ್ಲೇ ಇಳಿಯಬೇಕು, ಬೇರೆ ನೋಟ ಸಿಗುವುದಿಲ್ಲ.

ಮರಾಂಗುವನ್ನೇ ಆರಿಸುವುದಾದರೆ ಆರು ದಿನ ಮಾಡಿಕೊಳ್ಳಿ. ಹೊರೊಂಬೋದಲ್ಲಿ ಒಂದು ದಿನ ಜಾಸ್ತಿ ಉಳಿದು, ಬೆಳಿಗ್ಗೆ ಜೀಬ್ರಾ ರಾಕ್ಸ್ ಕಡೆಗೆ 4,000 ಮೀಟರ್‌ವರೆಗೆ ಹತ್ತಿ, ಮತ್ತೆ ಕೆಳಗೆ ಬಂದು ಮಲಗುವ ದಿನ ಅದು. ನೆಲದ ಮೇಲೆ ಮಲಗಿದರೆ ಬೆನ್ನು ಹಿಡಿಯುತ್ತದೆ ಅನ್ನುವವರಿಗೆ, ಮಳೆಗಾಲದಲ್ಲಿ ಹೋಗಲೇಬೇಕಾದವರಿಗೆ ಈ ದಾರಿ ಸರಿ. ಐದು ದಿನದ್ದನ್ನು ಮಾತ್ರ ಯಾರಿಗೂ ಹೇಳಲಾರೆ, ಎಷ್ಟೇ ಅಗ್ಗ ಸಿಗಲಿ.

ಮಚಾಮೆ ಮತ್ತು ಲೆಮೋಶೋ: ನಿಜವಾದ ಆಯ್ಕೆ ಇಲ್ಲಿದೆ

ಇವೆರಡೂ ಬೇರೆ ಬೇರೆ ಕಡೆಯಿಂದ ಶುರುವಾಗಿ ಮೇಲೆ ಒಂದಾಗುತ್ತವೆ. ಆಮೇಲೆ ಸಿಗುವ ಜಾಗಗಳು ಎರಡಕ್ಕೂ ಒಂದೇ: ಲಾವಾ ಟವರ್, ಬರಾಂಕೋ, ಕರಂಗಾ, ಕೊನೆಯ ಕ್ಯಾಂಪ್ ಬರಾಫು, ಕುಳಿಯ ಅಂಚಿನ ಸ್ಟೆಲ್ಲಾ ಪಾಯಿಂಟ್, ಉಹುರು, ಇಳಿಯಲು ಮ್ವೇಕಾ ದಾರಿ. ಅರ್ಧಕ್ಕಿಂತ ಜಾಸ್ತಿ ಒಂದೇ ದಾರಿ. ಹಾಗಾಗಿ ಮೇಲಿನ ಫೋಟೋ ನೋಡಿ ಆರಿಸಿದರೆ ಉಪಯೋಗವಿಲ್ಲ. ಮೊದಲ ಎರಡು ಮೂರು ದಿನ ನೋಡಿ.

ಮಚಾಮೆ ಗೇಟಿನಿಂದ ಮೊದಲ ದಿನವೇ ಸಾವಿರ ಮೀಟರ್‌ಗಿಂತ ಜಾಸ್ತಿ ಏರಬೇಕು. ಕಾಡು ದಟ್ಟ, ನೆಲ ಒದ್ದೆ, ಬೇರುಗಳ ಮೇಲೆ ಕಾಲಿಟ್ಟು ಹತ್ತುವ ಮೆಟ್ಟಿಲು. ಎರಡನೇ ರಾತ್ರಿಗೇ ನೀವು ಶಿರಾದಲ್ಲಿ, ಸುಮಾರು 3,800 ಮೀಟರ್‌ನಲ್ಲಿ ಇರುತ್ತೀರಿ. ಲೆಮೋಶೋ ಪಶ್ಚಿಮದಿಂದ, ಲೊಂಡೊರೊಸ್ಸಿ ಕಡೆಯಿಂದ ಹೊರಡುತ್ತದೆ. ಮೊದಲ ರಾತ್ರಿ ಮ್ಟಿ ಮ್ಕುಬ್ವಾ ಕ್ಯಾಂಪ್, ದೊಡ್ಡ ಮರ ಅಂತ ಅರ್ಥ, ಸುಮಾರು 2,800 ಮೀಟರ್. ಆಮೇಲೆ ಶಿರಾ ಒಂದು, 3,500. ಅಲ್ಲಿಂದ ಶಿರಾ ಎರಡು, 3,850. ಶಿರಾ ಬಯಲಲ್ಲಿ ನಡೆಯುವ ಆ ಒಂದು ದಿನ ಏರು ಅನ್ನುವುದೇ ಇಲ್ಲ ಅನ್ನಿಸುತ್ತದೆ. ಆಕಾಶ ಅಗಲ, ಮುಂದೆ ಉಹುರು ಇರುವ ಕಿಬೋ ಶಿಖರ. ದೇಹ ಸುಮ್ನೆ ತನ್ನ ಕೆಲಸ ಮಾಡಿಕೊಳ್ಳುತ್ತಿರುತ್ತದೆ.

ಎರಡರಲ್ಲೂ ಇರುವ ದೊಡ್ಡ ಗುಣ ಲಾವಾ ಟವರ್ ದಿನ. ಬೆಳಿಗ್ಗೆ 4,600 ಮೀಟರ್‌ವರೆಗೆ ಹತ್ತಿ, ಅಲ್ಲೇ ಊಟ ಮಾಡಿ, ಸಂಜೆ 3,950ರ ಬರಾಂಕೋಗೆ ಇಳಿದು ಮಲಗುತ್ತೀರಿ. ಎತ್ತರಕ್ಕೆ ಹತ್ತು, ತಗ್ಗಿನಲ್ಲಿ ಮಲಗು. ಲಾವಾ ಟವರ್ ಹತ್ತಿರ ನನಗೆ ತಲೆ ಬಡಿಯುತ್ತಿತ್ತು, ಚಪಾತಿ ಗಂಟಲಲ್ಲಿ ಇಳಿಯಲಿಲ್ಲ. ಬರಾಂಕೋದಲ್ಲಿ ಎರಡು ತಟ್ಟೆ ಅನ್ನ ಉಂಡೆ. ಐದು ದಿನದ ಮರಾಂಗುವಿನಲ್ಲಿ ಇಂಥ ದಿನ ಒಂದೂ ಇಲ್ಲ.

ಬರಾಂಕೋಗೆ ಇಳಿಯುವ ಕಣಿವೆಯ ಬಗ್ಗೆ ಒಂದು ಮಾತು. ಅಲ್ಲಿ ಆಳೆತ್ತರ ಮೀರಿ ನಿಂತ ದೈತ್ಯ ಸೆನೆಸಿಯೊ ಗಿಡಗಳಿವೆ. ತಲೆಯ ಮೇಲೆ ಎಲೆಕೋಸಿನಂಥ ಗೊಂಚಲು, ಕೆಳಗೆ ಒಣಗಿದ ಎಲೆಗಳನ್ನು ಉದುರಿಸದೆ ಮೈಗೆ ಸುತ್ತಿಕೊಂಡ ಕಾಂಡ. ಆ ಒಣ ಎಲೆಯೇ ಗಿಡಕ್ಕೆ ರಾತ್ರಿಯ ಹಿಮದಿಂದ ಕಂಬಳಿ. ಮುಟ್ಟಿ ನೋಡಿದೆ, ಒಳಗಡೆ ಬೆಚ್ಚಗಿತ್ತು.

ಮರುದಿನ ಬರಾಂಕೋ ಗೋಡೆ. ಸುಮಾರು 250 ಮೀಟರ್ ಎತ್ತರದ ಬಂಡೆ ಏರು. ಫೋಟೋದಲ್ಲಿ ಹೆದರಿಕೆ ಹುಟ್ಟಿಸುತ್ತದೆ. ಅಲ್ಲಲ್ಲಿ ಕೈ ಊರಬೇಕು, ಒಂದು ಕಡೆ ಬಂಡೆಯನ್ನು ತಬ್ಬಿಕೊಂಡು ದಾಟಬೇಕು, ಅಷ್ಟೇ. ಎತ್ತರದಿಂದ ಕೆಳಗೆ ನೋಡಿದರೆ ಕಾಲು ನಡುಗುವವರು ಮಾತ್ರ ಯೋಚಿಸಿ. ಅವರಿಗೆ ರೊಂಗಾಯ್ ಇದೆ, ಮುಂದೆ ಹೇಳುತ್ತೇನೆ.

ಮಚಾಮೆಯನ್ನು ಆರು ದಿನಕ್ಕೂ ಮಾರುತ್ತಾರೆ, ಏಳು ದಿನಕ್ಕೂ ಮಾರುತ್ತಾರೆ. ಆರು ದಿನದಲ್ಲಿ ಬರಾಂಕೋದಿಂದ ನೇರ ಬರಾಫು ತಲುಪಿ, ಸುಸ್ತಾದ ಮೈಯಲ್ಲೇ ಅದೇ ರಾತ್ರಿ ಶಿಖರಕ್ಕೆ ಏಳಬೇಕು. ಏಳು ದಿನದಲ್ಲಿ ನಡುವೆ ಕರಂಗಾದಲ್ಲಿ ಒಂದು ರಾತ್ರಿ ಸಿಗುತ್ತದೆ. ಬರಾಫುಗೆ ಮಧ್ಯಾಹ್ನಕ್ಕೇ ಬಂದು ನಿದ್ದೆ ಮಾಡಬಹುದು. ಈ ಒಂದು ರಾತ್ರಿಗೆ ಕೊಡುವ ದುಡ್ಡು ಇಡೀ ಪ್ರವಾಸದಲ್ಲೇ ಅತಿ ಸಾರ್ಥಕವಾದ ಖರ್ಚು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಹಾಗಾದರೆ ಯಾವುದು? ರಜೆ ಕಡಿಮೆ ಇದ್ದು, ಹಿಮಾಲಯದಲ್ಲಿ 3,500-4,000 ಮೀಟರ್ ಟ್ರೆಕ್ ಮಾಡಿ ಮೈ ಹೇಗೆ ಇರುತ್ತದೆ ಅಂತ ಗೊತ್ತಿರುವವರಿಗೆ ಏಳು ದಿನದ ಮಚಾಮೆ ಸಾಕು. ಮೊದಲ ಸಲ ಇಷ್ಟು ಎತ್ತರಕ್ಕೆ ಹೋಗುವವರಿಗೆ, ಐವತ್ತು ದಾಟಿದವರಿಗೆ, ಇನ್ನೊಂದು ಸಲ ಬರಲು ಆಗುವುದಿಲ್ಲ ಅನ್ನುವವರಿಗೆ ಎಂಟು ದಿನದ ಲೆಮೋಶೋ. ಮಚಾಮೆಯಲ್ಲಿ ಜನಜಂಗುಳಿ ಜಾಸ್ತಿ, ಲೆಮೋಶೋದಲ್ಲಿ ಶುರುವಿನಲ್ಲಾದರೂ ಕಾಡಿನ ಸದ್ದು ಕೇಳುತ್ತದೆ. ಬಿಳಿ ಬಾಲದ ಕಪ್ಪು ಕೊಲೊಬಸ್ ಕೋತಿಗಳು ಕೊಂಬೆಯಿಂದ ಕೊಂಬೆಗೆ ಹಾರುವುದನ್ನು ನಾನು ನೋಡಿದ್ದು ಅಲ್ಲಿ.

ಉಳಿದ ದಾರಿಗಳು

ರೊಂಗಾಯ್ ಉತ್ತರದಿಂದ, ಕೀನ್ಯಾ ಗಡಿಯ ಹತ್ತಿರದಿಂದ ಹೊರಡುತ್ತದೆ. ಹಿಂದೂ ಮಹಾಸಾಗರದ ಮೋಡಗಳು ಬೆಟ್ಟದ ದಕ್ಷಿಣಕ್ಕೆ ಮಳೆ ಸುರಿಸಿಬಿಡುತ್ತವೆ, ಉತ್ತರಕ್ಕೆ ಉಳಿಯುವುದು ಕಡಿಮೆ. ಸಹ್ಯಾದ್ರಿ ದಾಟಿದ ಮೇಲೆ ಚಿತ್ರದುರ್ಗದ ಕಡೆ ಆಗುವುದೂ ಹೀಗೇ ಅಲ್ವಾ. ಹಾಗಾಗಿ ಮಳೆಯ ದಿನಗಳಲ್ಲಿ ಟೆಂಟ್‌ನಲ್ಲೇ ಹೋಗಬೇಕು ಅಂದರೆ ರೊಂಗಾಯ್ ಉತ್ತಮ. ಬಂಡೆ ಹತ್ತುವುದು ಇಲ್ಲ, ಜನ ಕಡಿಮೆ. ಏಳು ದಿನದ ಪ್ಲಾನ್ ಆರಿಸಿ, ಮಾವೆಂಜಿ ಟಾರ್ನ್ ಎಂಬ ಕೊಳದ ಹತ್ತಿರ 4,300 ಮೀಟರ್‌ನಲ್ಲಿ ಒಂದು ದಿನ ಜಾಸ್ತಿ ಉಳಿಯಿರಿ. ಮುರಿದ ಹಲ್ಲಿನಂಥ ಮಾವೆಂಜಿ ಶಿಖರ ತಲೆಯ ಮೇಲೇ ನಿಂತಂತೆ ಇರುತ್ತದೆ. ಕೊನೆಯ ಏರು ಮಾತ್ರ ಕಿಬೋ ಹಟ್‌ನಿಂದಲೇ, ಅದೇ ಜಾರುವ ಜಲ್ಲಿ.

ನಾರ್ದರ್ನ್ ಸರ್ಕ್ಯೂಟ್ ಲೆಮೋಶೋದಂತೆ ಶುರುವಾಗಿ ಬೆಟ್ಟದ ಉತ್ತರವನ್ನು ಸುತ್ತುತ್ತದೆ. ಸಾಮಾನ್ಯವಾಗಿ ಒಂಬತ್ತು ದಿನ. ಒಗ್ಗಿಕೊಳ್ಳಲು ಇದಕ್ಕಿಂತ ಒಳ್ಳೆಯದು ಇಲ್ಲ, ರಜೆಯೂ ದುಡ್ಡೂ ಇದ್ದರೆ ಕಣ್ಣು ಮುಚ್ಚಿ ಆರಿಸಿ. ಉಂಬ್ವೆ ತೀರ ಕಡಿದು, ಎತ್ತರ ಬೇಗ ಏರುತ್ತದೆ. ಮೊದಲ ಸಲದವರಿಗೆ ಬೇಡ. ವೆಸ್ಟರ್ನ್ ಬ್ರೀಚ್ ದಾರಿಯಲ್ಲಿ 2006ರ ಜನವರಿಯಲ್ಲಿ ಕಲ್ಲು ಉರುಳಿ ಮೂವರು ಸತ್ತರು. ಯಾರಾದರೂ ಅದನ್ನು "ಸಾಹಸ" ಅಂತ ಮಾರಲು ಬಂದರೆ ಬೇಡ ಅನ್ನಿ.

ದುಡ್ಡಿನ ಲೆಕ್ಕ, ಹೊರುವವರ ಲೆಕ್ಕ

ಗೈಡ್ ಇಲ್ಲದೆ ಕಿಲಿಮಂಜಾರೋ ಹತ್ತಲು ಬಿಡುವುದಿಲ್ಲ, ಹಾಗಾಗಿ ಕಂಪನಿ ಆರಿಸಲೇಬೇಕು. ಒಬ್ಬರಿಗೆ ಉದ್ಯಾನದ ಶುಲ್ಕ ದಿನಕ್ಕೆ 70 ಡಾಲರ್, ಟೆಂಟ್ ಹಾಕಲು ರಾತ್ರಿಗೆ 50 ಡಾಲರ್, ರಕ್ಷಣಾ ಶುಲ್ಕ ಒಂದು ಸಲಕ್ಕೆ 20 ಡಾಲರ್, ಇವುಗಳ ಮೇಲೆ 18% ತೆರಿಗೆ. ನಾನು ಲೆಕ್ಕ ಹಾಕಿದ್ದು ಈ ದರದಲ್ಲಿ. ದರ ಬದಲಾಗುತ್ತಿರುತ್ತದೆ, ನೀವು ಹೊರಡುವ ವರ್ಷದ್ದನ್ನು ನೋಡಿಕೊಳ್ಳಿ. ಏಳು ದಿನ, ಆರು ರಾತ್ರಿಗೆ ಕೂಡಿಸಿದರೆ 950 ಡಾಲರ್ ದಾಟುತ್ತದೆ. ಇದು ಯಾವ ಕಂಪನಿಗೂ ತಪ್ಪುವುದಿಲ್ಲ. ಈಗ ಯಾರೋ ಏಳು ದಿನಕ್ಕೆ 1,200 ಡಾಲರ್ ಅಂದರೆ ಉಳಿದದ್ದು ತಲೆಗೆ ಸುಮಾರು 250. ಅದರಲ್ಲೇ ಊಟ, ಟೆಂಟ್, ಗಾಡಿ, ಇಬ್ಬರು ಹೋದರೆ ಜೊತೆಗೆ ಬರುವ ಎಂಟು ಹತ್ತು ಜನರ ಕೂಲಿ, ಲಾಭ ಎಲ್ಲ ಬರಬೇಕು. ಎಲ್ಲಿ ಕತ್ತರಿ ಬೀಳುತ್ತದೆ ಅಂತ ಹೇಳಬೇಕಾಗಿಲ್ಲ.

ನಮ್ಮ ಮೊದಲ ಪ್ರವಾಸದಲ್ಲಿ ಅದನ್ನು ಕಣ್ಣಾರೆ ಕಂಡೆ. ಹೊರೊಂಬೋದಲ್ಲಿ ಬೆಳಿಗ್ಗೆ ನೆಲದ ಮೇಲೆ ಹಿಮ ಗರಿಗಟ್ಟಿತ್ತು. ನಮ್ಮ ಚೀಲ ಹೊತ್ತ ಹುಡುಗನ ಶೂಗಳ ತಳ ಬಿಟ್ಟುಕೊಂಡಿತ್ತು, ಪ್ಲಾಸ್ಟಿಕ್ ದಾರದಲ್ಲಿ ಕಟ್ಟಿಕೊಂಡಿದ್ದ. ನಾನು ಹಾಕಿಕೊಂಡಿದ್ದು ಆ ಪ್ರವಾಸಕ್ಕೆಂದೇ ಕೊಂಡ ಹೊಸ ಶೂ. ಆ ದಾರದ ಗಂಟು ಇನ್ನೂ ಕಣ್ಣ ಮುಂದಿದೆ.

ಆದ್ದರಿಂದ ಕಂಪನಿಗೆ ಕೇಳಬೇಕಾದ್ದನ್ನು ನೇರವಾಗಿ ಕೇಳಿ. ಪೋರ್ಟರ್‌ಗಳಿಗೆ ದಿನಕ್ಕೆ ಎಷ್ಟು ಕೂಲಿ, ಎಷ್ಟು ಹೊತ್ತು ಊಟ, ಎಲ್ಲಿ ಮಲಗುತ್ತಾರೆ? ಒಬ್ಬರು ಹೊರುವ ಭಾರ 20 ಕಿಲೋ ಮೀರಬಾರದು ಅನ್ನುವುದು ನಿಯಮ, ಗೇಟಿನಲ್ಲಿ ತೂಕ ಹಾಕುತ್ತಾರೆ. ಮೋಶಿ ಊರಿನಲ್ಲಿ ಕಿಲಿಮಂಜಾರೋ ಪೋರ್ಟರ್ಸ್ ಅಸಿಸ್ಟೆನ್ಸ್ ಪ್ರಾಜೆಕ್ಟ್ ಅಂತ ಒಂದು ಸಂಸ್ಥೆ ಇದೆ. ಪೋರ್ಟರ್‌ಗಳಿಗೆ ಬೆಚ್ಚಗಿನ ಬಟ್ಟೆ ಬಾಡಿಗೆ ಇಲ್ಲದೆ ಕೊಡುತ್ತದೆ, ಕೂಲಿ ಸರಿಯಾಗಿ ಸಿಗುತ್ತಿದೆಯಾ ಅಂತ ನೋಡುತ್ತದೆ. ಅದರ ಜೊತೆ ಕೈಜೋಡಿಸಿರುವ ಕಂಪನಿಗಳ ಪಟ್ಟಿ ಸಿಗುತ್ತದೆ, ಅಲ್ಲಿಂದ ಆರಿಸಿ. ಟಿಪ್‌ಗೆ ಅಂತ ಒಬ್ಬೊಬ್ಬರೂ 200ರಿಂದ 300 ಡಾಲರ್ ಬೇರೆಯೇ ಎತ್ತಿಡಿ. ಬರಾಫು ಕ್ಯಾಂಪ್‌ನಲ್ಲಿ ನೀರೇ ಇಲ್ಲ. ನೀವು ಅಲ್ಲಿ ಕುಡಿಯುವ ಒಂದೊಂದು ಲೋಟವನ್ನೂ ಕರಂಗಾ ಹಳ್ಳದಿಂದ ಯಾರೋ ತಲೆಯ ಮೇಲೆ ಹೊತ್ತು ತಂದಿರುತ್ತಾರೆ.

ಯಾವಾಗ, ಏನು ಊಟ

ಜನವರಿಯಿಂದ ಮಾರ್ಚ್ ಮೊದಲ ಭಾಗ, ಜೂನ್ ಕೊನೆಯಿಂದ ಅಕ್ಟೋಬರ್, ಇವು ಒಣ ತಿಂಗಳು. ಏಪ್ರಿಲ್, ಮೇ, ನವೆಂಬರ್ ಮಳೆ. ನಮ್ಮ ಮಕ್ಕಳ ಬೇಸಿಗೆ ರಜೆ ಅವರ ದೊಡ್ಡ ಮಳೆಯ ಕಾಲಕ್ಕೇ ಬರುತ್ತದೆ, ಅದನ್ನು ನೆನಪಿಡಿ. ದಸರಾ ರಜೆ ಹೊಂದುತ್ತದೆ. ಪ್ಲಾಸ್ಟಿಕ್ ಕೈಚೀಲಗಳನ್ನು ಟಾಂಜಾನಿಯಾ 2019ರ ಜೂನ್‌ನಿಂದ ನಿಷೇಧಿಸಿದೆ, ಬಟ್ಟೆ ಚೀಲದಲ್ಲಿ ಪ್ಯಾಕ್ ಮಾಡಿ. ನೈರೋಬಿ ಅಥವಾ ಅಡಿಸ್ ಅಬಾಬ ಮೂಲಕ ಹೋಗುವವರು ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡುಬಿಡಿ. ಚುಚ್ಚಿಸಿಕೊಂಡ ಹತ್ತು ದಿನದ ಮೇಲೆ ಮಾತ್ರ ಆ ಕಾರ್ಡ್ ಲೆಕ್ಕಕ್ಕೆ ಬರುತ್ತದೆ, ಕೊನೆ ವಾರಕ್ಕೆ ಬಿಡಬೇಡಿ.

ಸಸ್ಯಾಹಾರಿಗಳಿಗೆ ಊಟದ ತೊಂದರೆ ಇಲ್ಲ, ಮೊದಲೇ ಹೇಳಿದರೆ ಅನ್ನ, ಬೇಳೆ, ತರಕಾರಿ, ಚಪಾತಿ ಮಾಡಿಕೊಡುತ್ತಾರೆ. ಎತ್ತರದಲ್ಲಿ ಬಾಯಿ ಕೆಡುತ್ತದೆ, ಸ್ವಲ್ಪ ಪುಳಿಯೋಗರೆ ಗೊಜ್ಜು, ನಿಂಬೆ ಉಪ್ಪಿನಕಾಯಿ ಇಟ್ಟುಕೊಳ್ಳಿ. ಲೆಮೋಶೋದ ಎರಡನೇ ದಿನ ಬೆಳಿಗ್ಗೆ ಅಡುಗೆಯವರು ಒಂದು ಲೋಟ ಬಿಸಿ ಗಂಜಿ ಕೈಗಿತ್ತರು. ಕಂದು ಬಣ್ಣ, ಗೊತ್ತಿರುವ ವಾಸನೆ. ಏನಿದು ಅಂದೆ. "ಉಜಿ, ಉಲೇಜಿ ಹಿಟ್ಟಿನದು" ಅಂದರು. ಉಲೇಜಿ ಅಂದರೆ ರಾಗಿ. ರಾಗಿಯ ತವರು ಈ ಪೂರ್ವ ಆಫ್ರಿಕಾದ ಎತ್ತರದ ನಾಡೇ. ಬೆಟ್ಟದ ಬುಡದ ಚಾಗ್ಗ ಜನ ಬಾಳೆಹಣ್ಣಿಗೆ ಇದೇ ರಾಗಿ ಸೇರಿಸಿ ಎಂಬೆಗೆ ಎಂಬ ಮದ್ಯ ಮಾಡುತ್ತಾರೆ. ಹಸಿವೇ ಇಲ್ಲದ ಬೆಳಗುಗಳಲ್ಲಿ ನನ್ನನ್ನು ನಡೆಸಿದ್ದು ಆ ಗಂಜಿ. ನೀವೂ ಕೇಳಿ, ಮಾಡಿಕೊಡುತ್ತಾರೆ.

ಎಂಟೊಂಬತ್ತು ದಿನ ರಜೆ ಸಿಗುವುದೇ ಇಲ್ಲ ಅನ್ನುವವರಿಗೆ ಬೇರೆ ಬೆಟ್ಟಗಳಿವೆ. ಅರುಷಾ ಹತ್ತಿರದ ಮೇರು 4,566 ಮೀಟರ್, ಕಾಡೆಮ್ಮೆಗಳಿರುವ ಕಾಡಿನಲ್ಲಿ ಬಂದೂಕು ಹಿಡಿದ ರೇಂಜರ್ ಜೊತೆಗೆ ನಡೆಯುವ ದಾರಿ. ಕೀನ್ಯಾ ಬೆಟ್ಟದ ಲೆನಾನಾ ತುದಿ 4,985 ಮೀಟರ್, ಅದಕ್ಕೂ ಹಗ್ಗ ಬೇಡ. ನಾಲ್ಕೈದು ದಿನದಲ್ಲಿ ಮುಗಿಯುತ್ತವೆ. ಕಿಲಿಮಂಜಾರೋವನ್ನು ಐದು ದಿನಕ್ಕೆ ಅವಸರದಲ್ಲಿ ಹತ್ತುವುದಕ್ಕಿಂತ ಇವು ಎಷ್ಟೋ ಮೇಲು.

ಅಕ್ಕ ಈಗ ಮತ್ತೆ ಹೊರಟಿದ್ದಾಳೆ, ಸೆಪ್ಟೆಂಬರ್ ಕೊನೆಗೆ. ಎಂಟು ದಿನದ ಲೆಮೋಶೋ, ಕರಂಗಾದಲ್ಲಿ ಒಂದು ರಾತ್ರಿ ಇದೆಯಾ ಅಂತ ಕಂಪನಿಗೆ ಮೂರು ಸಲ ಕೇಳಿ ಬರೆಸಿಕೊಂಡಿದ್ದಾಳೆ. ಹೊಸ ಜಾಕೆಟ್ ಬೇಡ ಅಂದಳು, ಆ ದುಡ್ಡು ಆ ರಾತ್ರಿಗೆ ಹೋಗಿದೆ. ನನ್ನ ಹಳೆಯ ಗ್ಲೌಸ್ ಕೊಟ್ಟಿದ್ದೇನೆ. ಕಳೆಯದಂತೆ ಎರಡಕ್ಕೂ ದಾರ ಹೊಲಿದು ಜಾಕೆಟ್ ತೋಳಿಗೆ ಕಟ್ಟಿಕೊಂಡಿದ್ದಾಳೆ.